ಗೋಡೆಗೂಟ: ವಿಜಯಪುರ ಸೀಮೆ

ಗೋಡೆಗೂಟ ಎಂದರೆ ವಸ್ತುಗಳನ್ನು ತೂಗುಹಾಕಲು ಗೋಡೆಯಲ್ಲಿ ಕೂರಿಸುವ ಆಸರೆ. ವಿಜಯಪುರ, ತಿಕೋಟಾ, ಬಬಲೇಶ್ವರ ಭಾಗದಲ್ಲಿ ಇದರ ಚರಿತ್ರೆಯನ್ನು ಗೋಡೆಯ ದಪ್ಪದಿಂದಲೇ ಓದಬೇಕು. 1656ರ ಗೋಲಗುಮ್ಮಟದ ಗೋಡೆ ಸುಮಾರು 3 ಮೀಟರ್ ದಪ್ಪ. ಇಂದಿನ ಜಿಪ್ಸಮ್ ಬೋರ್ಡು ಸಾಮಾನ್ಯವಾಗಿ 12.5 ಮಿಲಿಮೀಟರ್.

ಆದಿಲಶಾಹಿ ಕಟ್ಟಡಗಳಲ್ಲಿ ಛಜ್ಜ ಹೊರುವ ಕಲ್ಲಿನ ಚಾಚುಗಳ ಬಾಲ ಗೋಡೆಯೊಳಗೆ ಹುದುಗಿರುತ್ತದೆ. ಮೇಲಿನ ಕಟ್ಟಡದ ಭಾರವೇ ಅದನ್ನು ಅದುಮಿ ಹಿಡಿಯುತ್ತದೆ. ವಿಜಯಪುರದ ಮೆಹ್ತರ್ ಮಹಲಿನ ಕೆತ್ತನೆಯ ಚಾಚುಗಳನ್ನು ಕಂಡವರು ಅವುಗಳ ಕುಸುರಿಗೆ ಬೆರಗಾಗುತ್ತಾರೆ. ಕಣ್ಣಿಗೆ ಬೀಳದ ಆ ಬಾಲಕ್ಕೂ ಅಷ್ಟೇ ಗೌರವ ಸಲ್ಲಬೇಕು. ಹಳ್ಳಿಯ ಮಾಳಿಗೆ ಮನೆಯ ಗೂಟಕ್ಕೂ ಇದೇ ನಿಯಮ. ಕಲ್ಲು ಮಣ್ಣಿನ ಗೋಡೆ ಏಳುವಾಗಲೇ ಎರಡು ಕಲ್ಲಿನ ನಡುವೆ ಮರದ ಗೂಟ ಇಟ್ಟು ಮುಂದೆ ಕಟ್ಟುತ್ತಿದ್ದರು. ಬಾರಕೋಲು, ಮಿಣಿ, ರುಮಾಲುಗಳಿಗೆ ಅದೇ ಆಸರೆ. ಉಳ್ಳವರ ಪಡಸಾಲೆಯಲ್ಲಿ ಅದು ಗಿಳಿಯ ಆಕಾರ ತಾಳಿ ಗಿಳಿಗೂಟವಾಯಿತು.

ವಿದ್ಯುತ್ ಬಂದ ಮೇಲೆ ಪಾಡು ಬದಲಾಯಿತು. ಕಟ್ಟಿ ಮುಗಿದ ಗೋಡೆಗೆ ದೀಪ, ಸ್ವಿಚ್ಚು ಕೂರಿಸಬೇಕಾಯಿತು. ಉಳಿಯಿಂದ ತೂತು ಕೊರೆದು, ಒಳಗೆ ಅಗಲ, ಹೊರಗೆ ಕಿರಿದಾದ ಮರದ ಗಿಟ್ಟಿಯನ್ನು ಸಿಮೆಂಟಿನಲ್ಲಿ ಕೂರಿಸುವುದು ವಾಯರಿಂಗ್ ಕೆಲಸದ ಹಳೆಯ ಜಾಣ್ಮೆ. ಇದೇ ತೊಡಕಿಗೆ ಲಂಡನ್ನಿನಲ್ಲಿ ಜಾನ್ ಜೋಸೆಫ್ ರಾಲಿಂಗ್ಸ್ ಬೇರೆ ಉಪಾಯ ಹುಡುಕಿದರು. ಬ್ರಿಟಿಷ್ ಮ್ಯೂಸಿಯಂ ಗೋಡೆ ಕೆಡದಂತೆ ವಿದ್ಯುತ್ ಉಪಕರಣ ಜೋಡಿಸಲು, 1911ರ ಸುಮಾರಿಗೆ ಸೆಣಬಿನ ನಾರನ್ನು ಪ್ರಾಣಿರಕ್ತದ ಅಂಟಿನಿಂದ ಬಿಗಿದು ರಾಲ್‌ಪ್ಲಗ್ ಮಾಡಿದರು. 1958ರಲ್ಲಿ ಜರ್ಮನಿಯ ಆರ್ಟೂರ್ ಫಿಶರ್ ನೈಲಾನ್ ಪ್ಲಗ್ ತಂದರು. ಸ್ಕ್ರೂ ಒಳಹೊಕ್ಕಂತೆ ಪ್ಲಗ್ ಹಿಗ್ಗಿ ಸುತ್ತಲಿನ ಇಟ್ಟಿಗೆಯನ್ನು ಒತ್ತುತ್ತದೆ. ಆ ಒತ್ತಡವೇ ಅದರ ಬಲ.

ಟೊಳ್ಳು ಗೋಡೆಯಲ್ಲಿ ಒತ್ತಲು ಇಟ್ಟಿಗೆಯೇ ಇಲ್ಲ. ಅಮೆರಿಕದ ಆಗಸ್ಟೀನ್ ಸ್ಯಾಕೆಟ್ 1894ರಲ್ಲಿ ಪೇಟೆಂಟ್ ಪಡೆದ ಹಲಗೆಯ ಸಂತತಿಯಾದ ಜಿಪ್ಸಮ್ ಬೋರ್ಡು ಇಂದು ವಿಜಯಪುರದ ಅಂಗಡಿ, ಕಚೇರಿಗಳಿಗೂ ಬಂದಿದೆ. ಕಬ್ಬಿಣದ ಚಾನೆಲ್‌ಗಳಿಗೆ ಬಿಗಿದ ಆ ಹಲಗೆಗೆ ಇಟ್ಟಿಗೆಗೋಡೆಯ ಪ್ಲಗ್ ಹೊಡೆದರೆ ಜಿಪ್ಸಮ್ ಪುಡಿಯಾಗಿ ಪ್ಲಗ್ ಜಾರುತ್ತದೆ. ಇಲ್ಲಿ ಹಿಡಿತ ಬೆನ್ನ ಕಡೆಯಿಂದಲೇ ಬರಬೇಕು. ಮಡಚಿದ ರೆಕ್ಕೆಯ ಟಾಗಲ್ ಬೋಲ್ಟು ತೂತಿನಾಚೆ ಬಿಚ್ಚಿಕೊಂಡು ಹಲಗೆಯ ಹಿಂಬದಿಗೆ ಒರಗುತ್ತದೆ. ಬೋಲ್ಟನ್ನು ಪೂರ್ತಿ ಬಿಚ್ಚಿದರೆ ರೆಕ್ಕೆ ಒಳಗೆ ಬಿದ್ದುಹೋಗುತ್ತದೆ. ಹಿಂದೆ ಮಡಚಿ ಉಬ್ಬುವ ಲೋಹದ ಕೊಳವೆಯಾದರೆ ಸ್ಕ್ರೂ ತೆಗೆದು ಮತ್ತೆ ಹಾಕಬಹುದು.

ಕೊರೆಯುವಾಗ ಡ್ರಿಲ್ಲಿನ ಹ್ಯಾಮರ್ ಬಂದ್ ಇರಬೇಕು. ಮೊದಲು ಬೆರಳಗೆಣ್ಣಿನಿಂದ ತಟ್ಟಿ, ಅಯಸ್ಕಾಂತ ಆಡಿಸಿ ಚಾನೆಲ್ ಎಲ್ಲಿದೆಯೆಂದು ಕಂಡುಕೊಂಡರೆ ಅರ್ಧ ಕೆಲಸ ಮುಗಿದಂತೆ. 15 ಲೀಟರಿನ ಗೀಜರಿನಲ್ಲಿ ನೀರೇ 15 ಕಿಲೋ. ಅಂಥ ಭಾರವನ್ನು ಬರಿ ಬೋರ್ಡಿಗೆ ಬಿಡಬಾರದು. ಬೋರ್ಡು ಮುಚ್ಚುವ ಮೊದಲೇ ಹಿಂದೆ ಚಾನೆಲ್‌ಗಳ ನಡುವೆ ಪ್ಲೈವುಡ್ ಬಿಗಿದಿಡಬೇಕು. ಗೋಡೆ ಏಳುವಾಗಲೇ ಗೂಟ ಇಡುತ್ತಿದ್ದ ಮಾಳಿಗೆ ಮನೆಯ ಮೇಸ್ತ್ರಿ ಮಾಡುತ್ತಿದ್ದುದೂ ಇದನ್ನೇ.