ಬೈಸಿಕಲ್ ಸೀಟಿನ ಚರಿತ್ರೆ: ಟ್ರಯಥ್ಲಾನ್ ಸವಾರಿಯ ದೃಷ್ಟಿಯಿಂದ ಒಂದು ವಿವೇಚನೆ

ಯಂತ್ರಗಳ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಯಂತ್ರದ ವೇಗವನ್ನೂ ಶಕ್ತಿಯನ್ನೂ ವರ್ಣಿಸುತ್ತಾರೆ. ಅದನ್ನು ನಡೆಸುವ ಮನುಷ್ಯನ ದೇಹವು ಎಲ್ಲಿ, ಹೇಗೆ ಅದನ್ನು ತಾಗುತ್ತದೆಂಬುದನ್ನು ವಿಚಾರಿಸುವುದು ವಿರಳ. ಬೈಸಿಕಲ್ಲಿನ ವಿಷಯದಲ್ಲಿ ಈ ಉಪೇಕ್ಷೆ ಎದ್ದು ಕಾಣುತ್ತದೆ. ಸವಾರನ ದೇಹಕ್ಕೂ ಬೈಸಿಕಲ್ಲಿಗೂ ಸಂಪರ್ಕವುಂಟಾಗುವುದು ಮೂರೇ ಕಡೆಗಳಲ್ಲಿ: ಹ್ಯಾಂಡಲ್, ಪೆಡಲ್ ಮತ್ತು ಸೀಟು. ಇವುಗಳಲ್ಲಿ ಸೀಟಿನ ಚರಿತ್ರೆಯನ್ನು ಸಂಗ್ರಹವಾಗಿ ನಿರೂಪಿಸಿ, ೧೮೦ ಕಿಲೋಮೀಟರಿನಷ್ಟು ದೂರವನ್ನು ಒಂದೇ ಭಂಗಿಯಲ್ಲಿ ಕ್ರಮಿಸಬೇಕಾದ ಟ್ರಯಥ್ಲಾನ್ ಸವಾರನು ತನಗೆ ಹೊಂದುವ ಸೀಟನ್ನು ಆರಿಸಿಕೊಳ್ಳುವಲ್ಲಿ ಈ ಚರಿತ್ರೆಯಿಂದ ಏನನ್ನು ಕಲಿಯಬಹುದೆಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಇಂಗ್ಲಿಷ್ ಭಾಷೆಯಲ್ಲಿ ಕುದುರೆಯ ಬೆನ್ನ ಮೇಲಿನದಕ್ಕೂ ಬೈಸಿಕಲ್ಲಿನ ಮೇಲಿನದಕ್ಕೂ ಸ್ಯಾಡಲ್ ಎಂಬ ಒಂದೇ ಹೆಸರುಂಟು. ಕನ್ನಡದಲ್ಲಾದರೋ ಕುದುರೆಗೆ ಜೀನು, ಬೈಸಿಕಲ್ಲಿಗೆ ಸೀಟು ಎಂದು ನಾವು ಬೇರ್ಪಡಿಸಿ ಹೇಳುತ್ತೇವೆ. ಸೀಟು ಎಂದೊಡನೆ ಕುಳಿತುಕೊಳ್ಳುವ ಸ್ಥಳವೆಂಬ ಭಾವನೆ ಮೂಡುತ್ತದೆ. ಕುಳಿತುಕೊಳ್ಳುವುದೆಂದರೆ ಮೆತ್ತಗಿರಬೇಕೆಂಬ ಭಾವನೆ ಅದರ ಬೆನ್ನಿಗೇ ಬರುತ್ತದೆ. ಸೀಟಿನ ಆಯ್ಕೆಯಲ್ಲಿ ಉಂಟಾಗುವ ಹೆಚ್ಚಿನ ತಪ್ಪುಗಳಿಗೆ ಈ ಎರಡನೆಯ ಭಾವನೆಯೇ ಮೂಲವೆಂಬುದು ಮುಂದಿನ ನಿರೂಪಣೆಯಿಂದ ವ್ಯಕ್ತವಾದೀತು.

೧೮೧೭ರ ಜೂನ್ ೧೨ರಂದು ಕಾರ್ಲ್ ಡ್ರೈಸ್ ಎಂಬಾತನು ಜರ್ಮನಿಯ ಮಾನ್‌ಹೈಮ್ ನಗರದಿಂದ ತನ್ನ ಎರಡು ಚಕ್ರದ ಮರದ ಯಂತ್ರವನ್ನು ನಡೆಸಿಕೊಂಡು ಹೊರಟನು. ಅದಕ್ಕೆ ಪೆಡಲುಗಳಿರಲಿಲ್ಲ, ಸವಾರನು ಮೆತ್ತೆ ಹಾಕಿದ ಪೀಠದ ಮೇಲೆ ಕುಳಿತು, ಕಾಲಿನಿಂದ ನೆಲವನ್ನು ಒದೆಯುತ್ತ ಮುಂದೆ ಸಾಗುತ್ತಿದ್ದನು. ಆ ಯಂತ್ರದಲ್ಲಿ ಮುಂಗೈಗಳನ್ನು ಊರಿಕೊಳ್ಳಲು ಒಂದು ಹಲಗೆಯೂ ಇತ್ತೆಂಬುದು ಗಮನಾರ್ಹ. ನೂರ ಎಪ್ಪತ್ತು ವರ್ಷಗಳ ತರುವಾಯ ಟ್ರಯಥ್ಲಾನ್ ಸವಾರರು ಮುಂಗೈಗಳನ್ನು ಊರುವ ಪದ್ಧತಿಗೆ ಮರಳಿದರು. ಆದರೆ ಡ್ರೈಸನ ಸವಾರನ ಭಾರದ ಒಂದು ಪಾಲನ್ನು ಅವನ ಕಾಲುಗಳು ನೇರವಾಗಿ ನೆಲಕ್ಕೆ ಒಪ್ಪಿಸುತ್ತಿದ್ದವು. ೧೮೬೦ರ ದಶಕದಲ್ಲಿ ಪ್ಯಾರಿಸಿನಲ್ಲಿ ಪೆಡಲುಳ್ಳ ವೆಲಾಸಿಪೀಡ್ ಪ್ರಚಾರಕ್ಕೆ ಬಂದ ಮೇಲೆ ಕಾಲುಗಳು ನೆಲವನ್ನು ಬಿಟ್ಟವು. ಸೀಟಿನ ಪ್ರಶ್ನೆ ನಿಜವಾಗಿ ಹುಟ್ಟಿದ್ದು ಅಂದೇ. ಗಟ್ಟಿ ಚಕ್ರಗಳ ಕುಲುಕಾಟವನ್ನು ತಡೆಯಲು ಆಗಿನ ತಯಾರಕರು ಸೀಟನ್ನು ಉದ್ದನೆಯ ಉಕ್ಕಿನ ಪಟ್ಟಿಯ ಸ್ಪ್ರಿಂಗಿನ ಮೇಲೆ ಕೂರಿಸಿದರು.

ಈ ಪ್ರಶ್ನೆಗೆ ದೊರೆತ ಮೊದಲ ಸಮರ್ಪಕ ಉತ್ತರ ಚರ್ಮದ ಸೀಟು. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ೧೮೬೬ರಲ್ಲಿ ಕುದುರೆಯ ಸಾಮಾನು ಮುಂತಾದ ಚರ್ಮದ ವಸ್ತುಗಳ ವ್ಯಾಪಾರವನ್ನು ಆರಂಭಿಸಿದ ಜಾನ್ ಬೌಲ್ಟ್‌ಬೀ ಬ್ರೂಕ್ಸನು, ತನ್ನ ಕುದುರೆ ಸತ್ತ ಮೇಲೆ ಎರವಲು ತಂದ ಬೈಸಿಕಲ್ಲನ್ನು ಏರಿ, ಅದರ ಸೀಟಿನಿಂದ ಬಳಲಿ, ಉತ್ತಮವಾದುದೊಂದನ್ನು ತಾನೇ ಮಾಡಲು ಹೊರಟನೆಂಬ ಕಥೆಯನ್ನು ಆ ಸಂಸ್ಥೆ ಇಂದಿಗೂ ಹೇಳಿಕೊಂಡು ಬಂದಿದೆ. ಅವನ ಸೀಟಿನ ಪೇಟೆಂಟು ೧೮೮೨ರದು. ದಪ್ಪ ಚರ್ಮವನ್ನು ಹಿಂದೆ ಮುಂದೆ ಲೋಹದ ಚೌಕಟ್ಟಿಗೆ ಬಿಗಿದು, ನಡುವೆ ತೂಗುಯ್ಯಾಲೆಯಂತೆ ಬಿಡುವುದು ಇದರ ತತ್ತ್ವ. ಇಂಥ ಸೀಟು ಮೆತ್ತಗಿರುವುದಿಲ್ಲ. ಆದರೆ ದಿನ ಕಳೆದಂತೆ ಸವಾರನ ಎಲುಬುಗಳು ಒತ್ತುವ ಎಡೆಯಲ್ಲಿ ತುಸು ತಗ್ಗಿ, ಅವನ ದೇಹದ ಆಕಾರಕ್ಕೆ ಹೊಂದಿಕೊಳ್ಳುತ್ತದೆ. ನಮ್ಮ ಊರುಗಳಲ್ಲಿ ಅಂಚೆಯವರೂ ಹಾಲಿನವರೂ ಬಳಸುತ್ತಿದ್ದ ಭಾರದ ಬೈಸಿಕಲ್ಲುಗಳ ಅಗಲವಾದ ಸ್ಪ್ರಿಂಗ್ ಸೀಟು ಇದೇ ವಂಶಕ್ಕೆ ಸೇರಿದುದು. ಅದರ ಸವಾರನು ಬೆನ್ನನ್ನು ನೆಟ್ಟಗಿರಿಸಿ ಕೂರುತ್ತಿದ್ದನು. ಅವನ ಭಾರವು ಶ್ರೋಣಿಯ ತಳದಲ್ಲಿರುವ ಎರಡು ಗಟ್ಟಿ ಎಲುಬಿನ ಗುಬುಟುಗಳ ಮೇಲೆ ನಿಲ್ಲುತ್ತಿತ್ತು. ಇವುಗಳನ್ನು ಆಸನಾಸ್ಥಿಗಳೆಂದು ಕರೆಯೋಣ. ಆ ಭಂಗಿಗೆ ಆ ಸೀಟು ತಕ್ಕುದಾಗಿತ್ತು.

೧೮೮೫ರಲ್ಲಿ ಸ್ಟಾರ್ಲಿಯ ರೋವರ್ ಬೈಸಿಕಲ್ಲೂ ೧೮೮೮ರಲ್ಲಿ ಡನ್‌ಲಪ್ಪನ ಗಾಳಿ ತುಂಬಿದ ಟಯರೂ ಬಂದ ಬಳಿಕ ಸವಾರಿ ಜನಸಾಮಾನ್ಯರ, ಅದರಲ್ಲಿಯೂ ಸ್ತ್ರೀಯರ, ಕೈಗೆ ಎಟುಕಿತು. ಸೀಟಿನ ಮುಂಚಾಚು, ಅರ್ಥಾತ್ ಅದರ ಮೂಗು, ದೇಹದ ಮೃದುಭಾಗವನ್ನು ಒತ್ತುತ್ತದೆಂಬ ಆಕ್ಷೇಪಣೆಯನ್ನು ೧೮೯೦ರ ದಶಕದ ವೈದ್ಯರು ಬಹಿರಂಗವಾಗಿ ಎತ್ತಿದರು. ಇದರ ಫಲವಾಗಿ ಆರೋಗ್ಯದ ಸೀಟುಗಳೆಂಬ ಹೊಸ ಜಾತಿಯೇ ಮಾರುಕಟ್ಟೆಗೆ ಬಂತು. ಅಮೆರಿಕದಲ್ಲಿ ಸ್ಪಾಲ್ಡಿಂಗ್ ಸಂಸ್ಥೆ ಮಾರುತ್ತಿದ್ದ ಕ್ರಿಸ್ಟಿ ಸೀಟು ಇವುಗಳಲ್ಲಿ ಪ್ರಸಿದ್ಧವಾದುದು. ಎರಡು ಆಸನಾಸ್ಥಿಗಳಿಗೆ ಎರಡು ಮೆತ್ತೆಗಳು, ನಡುವೆ ತೆರವು; ಇದೇ ಅದರ ರಚನೆ. ಸಾಧಾರಣ ಸೀಟಿನ ಮೇಲೆ ಶ್ರೋಣಿ ಹೇಗೆ ಕೂರುತ್ತದೆ, ಕ್ರಿಸ್ಟಿ ಸೀಟಿನ ಮೇಲೆ ಹೇಗೆ ಕೂರುತ್ತದೆ ಎಂಬುದನ್ನು ಎಲುಬಿನ ಚಿತ್ರಗಳ ಮೂಲಕ ಅದರ ಜಾಹೀರಾತುಗಳು ತೋರಿಸುತ್ತಿದ್ದವು. ಭಾರವನ್ನು ಹೊರತಕ್ಕದ್ದು ಎಲುಬು, ಮಾಂಸವಲ್ಲ ಎಂಬ ತತ್ತ್ವವು ಹತ್ತೊಂಬತ್ತನೆಯ ಶತಮಾನ ಮುಗಿಯುವ ಮುನ್ನವೇ ಅಂಗಡಿಯ ಜಾಹೀರಾತಿನಲ್ಲಿ ಅಚ್ಚಾಗಿತ್ತೆಂಬುದು ನಾವು ನೆನಪಿಡಬೇಕಾದ ಸಂಗತಿ.

ಹಾಗಿದ್ದೂ ಸ್ಪರ್ಧೆಯ ಬೈಸಿಕಲ್ಲಿನಲ್ಲಿ ಈ ತತ್ತ್ವ ಬೇರೂರಲಿಲ್ಲ. ಇದಕ್ಕೆ ಎರಡು ಕಾರಣಗಳನ್ನು ಊಹಿಸಬಹುದು. ಮೊದಲನೆಯದಾಗಿ, ವೇಗದ ಸವಾರನಿಗೆ ತೊಡೆ ಉಜ್ಜದಂತೆ ಕಿರಿದಾದ ಸೀಟೂ, ತಿರುವುಗಳಲ್ಲಿ ತೊಡೆಯಿಂದ ಹಿಡಿತ ಸಾಧಿಸಲು ಉದ್ದನೆಯ ಮೂಗೂ ಬೇಕಾಗಿದ್ದವು. ಎರಡನೆಯದಾಗಿ, ಸೌಖ್ಯದ ಪ್ರಶ್ನೆಯನ್ನು ಸ್ತ್ರೀಯರ ಮತ್ತು ರೋಗಿಗಳ ಪ್ರಶ್ನೆಯೆಂದು ಬದಿಗಿಟ್ಟು, ನೋವನ್ನು ಸಹಿಸುವುದೇ ಪೌರುಷವೆಂದು ಎಣಿಸುವ ಮನೋಧರ್ಮ ಕ್ರೀಡಾವಲಯದಲ್ಲಿ ಬಲವಾಗಿತ್ತು. ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟದ ನಿಯಮಗಳೂ ರೂಢಿಯನ್ನೇ ಕಾಪಾಡಿದವು. ೧೯೩೩ರಲ್ಲಿ ಫ್ರಾನ್ಸಿಸ್ ಫೋರ್ ಎಂಬ ಸವಾರನು ಒರಗಿ ಕುಳಿತು ನಡೆಸುವ ಬೈಸಿಕಲ್ಲಿನಲ್ಲಿ ಒಂದು ಗಂಟೆಯ ದೂರದ ದಾಖಲೆಯನ್ನು ಮುರಿದನು. ಮರುವರ್ಷವೇ ಒಕ್ಕೂಟವು ಅಂಥ ಬೈಸಿಕಲ್ಲುಗಳನ್ನು ಸ್ಪರ್ಧೆಯಿಂದ ಹೊರಗಿಟ್ಟಿತು. ಸೀಟಿನ ಮೂಗು ಪೆಡಲಿನ ಅಚ್ಚಿಗಿಂತ ಕನಿಷ್ಠಪಕ್ಷ ೫ ಸೆಂಟಿಮೀಟರ್ ಹಿಂದಿರಬೇಕೆಂಬ ವಿಧಿಯನ್ನೂ ಅದು ಬಹುಕಾಲ ಪಾಲಿಸಿತು.

ಈ ಕಟ್ಟಳೆಗಳ ಹೊರಗೆ ಬೆಳೆದ ಕ್ರೀಡೆಯೇ ಟ್ರಯಥ್ಲಾನ್. ಈಜು, ಬೈಸಿಕಲ್ ಸವಾರಿ, ಓಟ ಎಂಬ ಮೂರನ್ನೂ ಒಂದಾದಮೇಲೊಂದರಂತೆ ಪೂರೈಸುವ ಈ ಸ್ಪರ್ಧೆಯು ಆ ಹೆಸರಿನಿಂದ ೧೯೭೪ರ ಸೆಪ್ಟೆಂಬರಿನಲ್ಲಿ ಕ್ಯಾಲಿಫೋರ್ನಿಯದ ಸ್ಯಾನ್ ಡಿಯೇಗೋದ ಮಿಷನ್ ಬೇ ಎಂಬಲ್ಲಿ ನಡೆಯಿತು. ೧೯೭೮ರ ಫೆಬ್ರವರಿಯಲ್ಲಿ ಹವಾಯಿ ದ್ವೀಪಸ್ತೋಮದ ಓಆಹುವಿನಲ್ಲಿ ಮೊದಲ ಐರನ್‌ಮ್ಯಾನ್ ಸ್ಪರ್ಧೆ ಜರುಗಿತು. ಹೊರಟವರು ೧೫ ಮಂದಿ, ಮುಗಿಸಿದವರು ೧೨ ಮಂದಿ. ಈ ಸ್ಪರ್ಧೆಯಲ್ಲಿ ೩.೮ ಕಿಲೋಮೀಟರ್ ಈಜು, ೧೮೦ ಕಿಲೋಮೀಟರ್ ಸವಾರಿ, ಕೊನೆಗೆ ಪೂರ್ಣ ಮ್ಯಾರಥಾನ್ ಓಟ. ೨೦೦೦ದ ಸಿಡ್ನಿ ಒಲಿಂಪಿಕ್ಸಿನಲ್ಲಿ ಟ್ರಯಥ್ಲಾನ್ ಪ್ರಥಮವಾಗಿ ಸೇರ್ಪಡೆಯಾಯಿತು. ಅಲ್ಲಿ ಸವಾರಿ ೪೦ ಕಿಲೋಮೀಟರ್.

ಸವಾರನ ಭಂಗಿಯಲ್ಲಿ ದೊಡ್ಡ ಪರಿವರ್ತನೆ ಆದದ್ದು ೧೯೮೦ರ ದಶಕದ ಕೊನೆಯಲ್ಲಿ. ಬೂನ್ ಲೆನನ್ ಎಂಬಾತನು ರೂಪಿಸಿದ, ಮುಂಗೈಗಳನ್ನು ಊರಿ ಮುಂದಕ್ಕೆ ಚಾಚಬಹುದಾದ ಹ್ಯಾಂಡಲನ್ನು ಟ್ರಯಥ್ಲಾನ್ ಸವಾರರು ಮೊದಲು ಸ್ವೀಕರಿಸಿದರು. ೧೯೮೯ರ ಟೂರ್ ಡಿ ಫ್ರಾನ್ಸ್ ಪಂದ್ಯದ ಕೊನೆಯ ದಿನ ಅದನ್ನೇ ಬಳಸಿ ಗ್ರೆಗ್ ಲೆಮಾಂಡನು ೫೦ ಸೆಕೆಂಡುಗಳ ಹಿನ್ನಡೆಯನ್ನು ತುಂಬಿಕೊಂಡು, ಕೇವಲ ೮ ಸೆಕೆಂಡುಗಳಿಂದ ಗೆದ್ದಾಗ ಲೋಕದ ಕಣ್ಣು ಅತ್ತ ತಿರುಗಿತು. ಅದೇ ವರ್ಷ ಡ್ಯಾನ್ ಎಂಪ್‌ಫೀಲ್ಡನ ಕ್ವಿಂಟಾನಾ ರೂ ಸಂಸ್ಥೆಯು ಟ್ರಯಥ್ಲಾನಿಗೆಂದೇ ನಿರ್ಮಿಸಿದ ಬೈಸಿಕಲ್ಲನ್ನು ಹೊರತಂದಿತು. ಅದರಲ್ಲಿ ಸೀಟಿನ ಕೊಳವೆ ಹೆಚ್ಚು ನೆಟ್ಟಗಿದ್ದು, ಸವಾರನು ಪೆಡಲಿನ ಅಚ್ಚಿನ ಮೇಲಕ್ಕೆ, ಮುಂದಕ್ಕೆ ಬರುವಂತಾಯಿತು. ಎದೆ ತಗ್ಗಿದರೂ ತೊಡೆಗೂ ಹೊಟ್ಟೆಗೂ ನಡುವೆ ಎಡೆ ಉಳಿಯಲಿ ಎಂಬುದು ಇದರ ಆಶಯ.

ಗಾಳಿಯ ತಡೆ ಕಡಿಮೆಯಾಯಿತು. ಆದರೆ ಭಾರ ಬೇರೆಡೆಗೆ ಸರಿಯಿತು. ಮುಂದಕ್ಕೆ ಬಾಗಿದಾಗ ಶ್ರೋಣಿಯೂ ಮುಂದಕ್ಕೆ ಉರುಳುತ್ತದೆ. ಆಸನಾಸ್ಥಿಗಳು ಸೀಟಿನಿಂದ ಮೇಲೆದ್ದು, ಅವುಗಳ ಮುಂದಿನ ಜಘನಾಸ್ಥಿಯ ಕವಲುಗಳೂ ಅವೆರಡರ ನಡುವಣ ಮೃದುಭಾಗವೂ ಸೀಟಿನ ಮೂಗಿನ ಮೇಲೆ ಬಂದು ನಿಲ್ಲುತ್ತವೆ. ಈ ಭಾಗದಲ್ಲಿ ಜನನಾಂಗಗಳಿಗೆ ಹೋಗುವ ನರವೂ ರಕ್ತನಾಳಗಳೂ ಇವೆ. ಗುಂಪಿನಲ್ಲಿ ಸಾಗುವ ಸವಾರನು ಆಗಾಗ್ಗೆ ಎದ್ದು ನಿಲ್ಲುತ್ತಾನೆ, ಸರಿದು ಕೂರುತ್ತಾನೆ. ಒಬ್ಬಂಟಿಯಾಗಿ ಗಾಳಿಯನ್ನು ಸೀಳುವ ಟ್ರಯಥ್ಲಾನ್ ಸವಾರನು ಗಂಟೆಗಟ್ಟಲೆ ಅಲುಗದೆ ಇರುತ್ತಾನೆ. ಅದೂ ಅಲ್ಲದೆ, ಮುಂದೆ ಓಡಬೇಕಾಗಿರುವುದರಿಂದ ಅವನ ಚಡ್ಡಿಯ ಒಳಮೆತ್ತೆ ಬಹು ತೆಳುವಾದುದು. ಹಳೆಯ ಸೀಟು ಹೊಸ ಭಂಗಿಗೆ ಒಗ್ಗಲಿಲ್ಲವೆಂಬುದರಲ್ಲಿ ಆಶ್ಚರ್ಯವೇನೂ ಇಲ್ಲ.

ಇಲ್ಲಿ ನೋವು ಮತ್ತು ಜೋಮು ಇವೆರಡರ ಭೇದವನ್ನು ಸ್ಪಷ್ಟಪಡಿಸುವುದು ಅವಶ್ಯಕ. ಹೊಸ ಸವಾರನಿಗೆ ಆಸನಾಸ್ಥಿಗಳ ಬಳಿ ಉಂಟಾಗುವ ನೋವು ಕೆಲವು ವಾರಗಳ ಅಭ್ಯಾಸದಿಂದ ಶಮನವಾಗುವುದುಂಟು. ಜನನಾಂಗದ ಸುತ್ತ ಹಿಡಿಯುವ ಜೋಮು ಅಂಥದಲ್ಲ. ಅದು ನರವೂ ರಕ್ತನಾಳವೂ ಅದುಮಲ್ಪಟ್ಟಿವೆ ಎಂಬುದರ ಸೂಚನೆ. ಮೊದಲನೆಯದನ್ನು ತಾಳಿಕೊಳ್ಳಬಹುದು, ಎರಡನೆಯದನ್ನು ತಾಳಿಕೊಳ್ಳುವುದು ಅವಿವೇಕ. ಒಂದು ಶತಮಾನದ ಕ್ರೀಡಾಪರಂಪರೆ ಇವೆರಡನ್ನೂ ಒಂದೇ ಎಂದು ಭಾವಿಸಿತು.

ಇತ್ತೀಚಿನ ಪರಿಶೋಧನೆಗಳು ಕ್ರಿಸ್ಟಿ ಸೀಟಿನ ತತ್ತ್ವವನ್ನು ಅಳತೆಯಿಂದ ಸಮರ್ಥಿಸಿವೆ. ೨೦೦೨ರಲ್ಲಿ ಪ್ರಕಟವಾದ ಜರ್ಮನಿಯ ಒಂದು ಅಧ್ಯಯನದಲ್ಲಿ ನಾಲ್ಕು ಬಗೆಯ ಸೀಟುಗಳ ಮೇಲೆ ಪುರುಷ ಸವಾರರ ಜನನಾಂಗದ ಆಮ್ಲಜನಕದ ಒತ್ತಡವನ್ನು ಅಳೆಯಲಾಯಿತು. ಕಿರಿದಾದ, ದಪ್ಪ ಮೆತ್ತೆಯ ಸೀಟಿನಲ್ಲಿ ಅದು ಶೇಕಡ ೮೨ರಷ್ಟು ಇಳಿಯಿತು. ಮೂಗಿಲ್ಲದ ಅಗಲವಾದ ಸೀಟಿನಲ್ಲಿ ಇಳಿದದ್ದು ಶೇಕಡ ೨೦ರಷ್ಟು ಮಾತ್ರ. ಮೆತ್ತೆಯಿಲ್ಲದ ಅಗಲವಾದ ಚರ್ಮದ ಸೀಟು ಕೂಡ ದಪ್ಪ ಮೆತ್ತೆಯ ಕಿರಿದಾದ ಸೀಟಿಗಿಂತ ಮೇಲೆನಿಸಿತು. ಬೈಸಿಕಲ್ಲಿನಲ್ಲಿ ಗಸ್ತು ತಿರುಗುವ ಅಮೆರಿಕದ ಪೊಲೀಸರನ್ನು ಕುರಿತು ಅಲ್ಲಿನ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯ ಸಂಸ್ಥೆಯ ಪರಿಶೋಧಕರು ೨೦೦೮ರಲ್ಲಿ ಪ್ರಕಟಿಸಿದ ಫಲಿತಾಂಶವೂ ಇದನ್ನೇ ಸಾರುತ್ತದೆ. ಮೂಗಿಲ್ಲದ ಸೀಟನ್ನು ಆರು ತಿಂಗಳು ಬಳಸಿದ ಮೇಲೆ, ಜೋಮಿನ ಅನುಭವವೇ ಇಲ್ಲವೆಂದವರ ಪ್ರಮಾಣ ಶೇಕಡ ೨೭ರಿಂದ ೮೨ಕ್ಕೆ ಏರಿತು.

ಆದರೆ ಮೂಗನ್ನು ಪೂರ್ತಿಯಾಗಿ ಕತ್ತರಿಸಿದರೆ ತೊಡೆಯ ಹಿಡಿತ ತಪ್ಪುತ್ತದೆ. ಇದಕ್ಕೆ ಕಂಡುಕೊಂಡ ಮಧ್ಯಮಮಾರ್ಗವೇ ಕವಲು ಮೂಗಿನ ಸೀಟು. ಐಎಸ್‌ಎಮ್ ಎಂಬ ಅಮೆರಿಕದ ಸಂಸ್ಥೆಯ ಅಡಾಮೋ ಸೀಟು ಇದಕ್ಕೆ ಪ್ರಸಿದ್ಧ ಉದಾಹರಣೆ. ಮುಂದೆ ಮೊಟಕಾದ ಎರಡು ಕವಲುಗಳು, ನಡುವೆ ತೆರವು. ಜಘನಾಸ್ಥಿಯ ಎರಡು ಕವಲುಗಳಿಗೆ ಸೀಟಿನ ಎರಡು ಕವಲುಗಳು ಆಧಾರ. ೧೮೯೦ರ ದಶಕದ ಉತ್ತರವನ್ನೇ ಮುಂದಕ್ಕೆ ಬಾಗಿದ ದೇಹಕ್ಕೆ ತಕ್ಕಂತೆ ಮತ್ತೊಮ್ಮೆ ಬರೆದಂತಾಯಿತು.

ಮೇಲ್ಕಂಡ ವಿವೇಚನೆಯಿಂದ ಆಯ್ಕೆಯ ಕ್ರಮವೊಂದು ತಾನಾಗಿಯೇ ಸಿದ್ಧಿಸುತ್ತದೆ. ಮೊದಲು ಭಂಗಿಯನ್ನು ನಿಶ್ಚಯಿಸಿಕೊಳ್ಳಬೇಕು. ಒಬ್ಬನೇ ಮನುಷ್ಯನಿಗೆ ನೆಟ್ಟಗೆ ಕುಳಿತಾಗ ಒಂದು ಸೀಟು, ಮುಂಗೈ ಊರಿದಾಗ ಮತ್ತೊಂದು ಸೀಟು ಹೊಂದಬಹುದು. ಎರಡನೆಯದಾಗಿ ಅಗಲವನ್ನು ನೋಡಬೇಕು. ಆಸನಾಸ್ಥಿಗಳ ಅಂತರವನ್ನು ರಟ್ಟಿನ ಮೇಲೆ ಕುಳಿತು ಬಿದ್ದ ಗುರುತಿನಿಂದ ಅಳೆಯಬಹುದಾದರೂ, ಮುಂದಕ್ಕೆ ಬಾಗಿದ ಸವಾರನಿಗೆ ಸೀಟಿನ ಮುಂಭಾಗದ ಅಗಲವೇ ಮುಖ್ಯವೆಂಬುದನ್ನು ಮರೆಯಲಾಗದು. ಮೂರನೆಯದು ನಡುವಿನ ತೆರವು. ಮೆತ್ತೆಯ ವಿಚಾರ ಕೊನೆಯದು. ಅತಿಯಾಗಿ ಮೆತ್ತಗಿರುವ ಸೀಟಿನಲ್ಲಿ ಎಲುಬು ಕುಸಿದು, ನಡುಭಾಗ ಉಬ್ಬಿ, ತಪ್ಪಿಸಬೇಕಾದ ಒತ್ತಡವೇ ಅಧಿಕವಾಗುತ್ತದೆ. ಇಷ್ಟಾದ ಮೇಲೆ ಸೀಟಿನ ಎತ್ತರವನ್ನೂ ಓರೆಯನ್ನೂ ಸರಿಪಡಿಸಬೇಕು. ಎತ್ತರ ಮಿತಿಮೀರಿದರೆ ಸೊಂಟ ಅತ್ತಿತ್ತ ತೊನೆದು ಚರ್ಮ ಉಜ್ಜುತ್ತದೆ. ಅಂಗಡಿಯ ಬಾಗಿಲಲ್ಲಿ ಐದು ನಿಮಿಷ ಕುಳಿತು ನೋಡುವುದು ಪರೀಕ್ಷೆಯಲ್ಲ. ಸ್ಪರ್ಧೆಯ ಉಡುಪಿನಲ್ಲಿ, ಸ್ಪರ್ಧೆಯ ಭಂಗಿಯಲ್ಲಿ, ಹಲವು ಗಂಟೆಗಳ ಸವಾರಿಯೇ ಪರೀಕ್ಷೆ.

೨೦೧೯ರಲ್ಲಿ ನೆರೆಯ ಗೋವೆಯಲ್ಲಿ ೯೦ ಕಿಲೋಮೀಟರ್ ಸವಾರಿಯುಳ್ಳ ಅರ್ಧ ಐರನ್‌ಮ್ಯಾನ್ ಸ್ಪರ್ಧೆ ಆರಂಭವಾದಂದಿನಿಂದ ಈ ಪ್ರಶ್ನೆ ನಮ್ಮ ನಾಡಿನ ಸವಾರರಿಗೂ ಹತ್ತಿರದ್ದಾಗಿದೆ. ಅವರಿಗೆ ಈ ಚರಿತ್ರೆಯು ಕಲಿಸತಕ್ಕ ಪಾಠ ಸರಳವಾದುದು. ಭಂಗಿ ಬದಲಾದಾಗಲೆಲ್ಲ ಸೀಟು ತಡವಾಗಿ ಬದಲಾಗಿದೆ. ಆ ತಡವನ್ನು ಸವಾರನ ದೇಹವು ತುಂಬಿಕೊಟ್ಟಿದೆ. ಉತ್ತರವು ಒಮ್ಮೆ ದೊರೆತಿದ್ದರೂ, ದೂರಿದವರ ಮಾತಿಗೆ ಬೆಲೆಯಿಲ್ಲದ್ದರಿಂದ ಅದು ಬಹುಕಾಲ ಮರೆಯಾಗಿತ್ತು. ದೇಹವು ಕೊಡುವ ಸಾಕ್ಷ್ಯವನ್ನೂ ಪ್ರಮಾಣವೆಂದು ಸ್ವೀಕರಿಸುವುದು ಚರಿತ್ರಕಾರನಿಗೆ ಎಷ್ಟು ಅವಶ್ಯಕವೋ ಸವಾರನಿಗೂ ಅಷ್ಟೇ ಅವಶ್ಯಕ.