ರಾಕ್ ಕ್ರಾಲರ್‌ನಲ್ಲಿ ನಾಲ್ಕು ಚಕ್ರ ಸ್ಟಿಯರಿಂಗ್

ರಾಕ್ ಕ್ರಾಲರ್ ಎಂದರೆ ಬಂಡೆ, ಕೊರಕಲು, ಮರದ ಬೇರುಗಳನ್ನು ನಿಧಾನವಾಗಿ ಹತ್ತಿ ಇಳಿಯಲೆಂದೇ ಕಟ್ಟಿದ ರೇಡಿಯೊ ನಿಯಂತ್ರಿತ ಮಾದರಿ ವಾಹನ. ಇವುಗಳಲ್ಲಿ ಹೆಚ್ಚಿನವು ನಿಜವಾದ ಜೀಪಿನ ಹತ್ತನೇ ಒಂದರಷ್ಟು ಅಳತೆಯವು. ಮೋಟಾರಿನ ಶಕ್ತಿ ನಾಲ್ಕೂ ಚಕ್ರಗಳಿಗೆ ಹೋದರೂ ಎಡಬಲಕ್ಕೆ ಹೊರಳುವುದು ಸಾಮಾನ್ಯವಾಗಿ ಮುಂದಿನ ಎರಡೇ. ಹಿಂದಿನ ಆಕ್ಸಲ್‌ಗೂ ಹೊರಳುವ ಕೀಲು ಮತ್ತು ಅದನ್ನು ಎಳೆಯಲು ಇನ್ನೊಂದು ಸರ್ವೊ ಜೋಡಿಸುವುದಕ್ಕೆ ನಾಲ್ಕು ಚಕ್ರ ಸ್ಟಿಯರಿಂಗ್ ಎನ್ನುತ್ತಾರೆ. ಹವ್ಯಾಸಿಗಳು ಕೈಯಾರೆ ಮಾಡಿಕೊಳ್ಳುವ ಮಾರ್ಪಾಡುಗಳಲ್ಲಿ ಹೆಚ್ಚು ಆಸೆ ಹುಟ್ಟಿಸುವುದೂ, ಲೆಕ್ಕ ತಪ್ಪಿದರೆ ಹೆಚ್ಚು ಕಾಡುವುದೂ ಇದೇ.

ಈ ಏರ್ಪಾಡು ಹೊಸದಲ್ಲ. ಜಪಾನಿನ ತಮಿಯಾ ಸಂಸ್ಥೆ 1987ರಲ್ಲಿ ಹೊರತಂದ ಕ್ಲಾಡ್ ಬಸ್ಟರ್ ಎಂಬ ಮಾನ್‌ಸ್ಟರ್ ಟ್ರಕ್ಕಿನಲ್ಲಿ ಎರಡು ಆಕ್ಸಲ್‌ಗಳ ಮೇಲೆ ಎರಡು ಮೋಟಾರುಗಳಿದ್ದವು, ನಾಲ್ಕೂ ಚಕ್ರಗಳು ಹೊರಳುತ್ತಿದ್ದವು. ನಡುವಿನ ಒಂದೇ ಸರ್ವೊದಿಂದ ಮುಂದಕ್ಕೂ ಹಿಂದಕ್ಕೂ ಉದ್ದದ ಕಡ್ಡಿಗಳು ಹೋಗುತ್ತಿದ್ದುದರಿಂದ ಸ್ಟಿಯರಿಂಗ್ ಸಡಿಲವಾಗಿತ್ತು. ಆ ಸರ್ವೊವನ್ನು ಕಿತ್ತು ಪ್ರತಿ ಆಕ್ಸಲ್ ಮೇಲೂ ಒಂದೊಂದನ್ನು ಕೂರಿಸಿ, ನಾಲ್ಕು ಕೊಂಡಿಗಳ ಸಸ್ಪೆನ್ಷನ್ ಹಾಕಿ ಬಂಡೆಗೆ ಇಳಿಸಿದವರು ಅಮೆರಿಕದ ಹವ್ಯಾಸಿಗಳು. ಕ್ರಾಲರ್ ಎಂದೇ ತಯಾರಾದ ಆಕ್ಸಿಯಲ್ ಸಂಸ್ಥೆಯ ಎಎಕ್ಸ್10 ಸ್ಕಾರ್ಪಿಯನ್ 2007ರಲ್ಲಿ ಬಂತು. ಅದರಲ್ಲಿ ಹೊರಳುತ್ತಿದ್ದುದು ಮುಂದಿನ ಚಕ್ರಗಳು ಮಾತ್ರ.

1987ರಲ್ಲೇ ಹೋಂಡಾ ಪ್ರೆಲ್ಯೂಡ್ ಕಾರಿಗೂ ಹಿಂದಿನ ಸ್ಟಿಯರಿಂಗ್ ಬಂತು, ಆದರೆ ಅಲ್ಲಿನ ಗುರಿ ಬೇರೆ. ಸ್ಟಿಯರಿಂಗ್ ಚಕ್ರವನ್ನು ತುಸುವೇ ತಿರುಗಿಸಿದಾಗ ಹಿಂಚಕ್ರಗಳು ಮುಂದಿನವುಗಳ ದಿಕ್ಕಿಗೇ ವಾಲಿ, ವೇಗದಲ್ಲಿ ಕಾರಿಗೆ ಸ್ಥಿರತೆ ಕೊಡುತ್ತಿದ್ದವು. ಪೂರ್ತಿ ತಿರುಗಿಸಿದಾಗಷ್ಟೇ ಎದುರು ದಿಕ್ಕಿಗೆ ಹೊರಳುತ್ತಿದ್ದವು. ನಡಿಗೆಯ ವೇಗವನ್ನೂ ಮೀರದ ಕ್ರಾಲರ್‌ಗೆ ಸ್ಥಿರತೆಯ ಚಿಂತೆಯಿಲ್ಲ. ಅದಕ್ಕೆ ಬೇಕಾದುದು ಇಕ್ಕಟ್ಟಿನಲ್ಲಿ ತಿರುಗುವುದು.

ಎಷ್ಟು ತಿರುಗುತ್ತದೆ?

ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳ ನಡುವೆ 313 ಮಿ.ಮೀ. ಅಂತರವಿರುವ ವಾಹನವನ್ನು ತೆಗೆದುಕೊಳ್ಳೋಣ. ಹತ್ತನೇ ಒಂದು ಅಳತೆಯ ಕ್ರಾಲರ್‌ಗಳಲ್ಲಿ ಇದು ಸಾಮಾನ್ಯ. ಮುಂಚಕ್ರಗಳು 40 ಡಿಗ್ರಿ ಹೊರಳಿದರೆ, ಲೆಕ್ಕದ ಪ್ರಕಾರ, ಹಿಂದಿನ ಆಕ್ಸಲ್‌ನ ನಡುಬಿಂದು ಸುಮಾರು 373 ಮಿ.ಮೀ. ತ್ರಿಜ್ಯದ ವೃತ್ತದಲ್ಲಿ ಸುತ್ತುತ್ತದೆ. ಹಿಂಚಕ್ರಗಳೂ ಅಷ್ಟೇ ಕೋನದಲ್ಲಿ ಎದುರು ದಿಕ್ಕಿಗೆ ಹೊರಳಿದರೆ ವಾಹನದ ನಡುಬಿಂದು ಸುತ್ತುವ ತ್ರಿಜ್ಯ ಸುಮಾರು 187 ಮಿ.ಮೀ., ಅಂದರೆ ಅರ್ಧ. ಬಂಡೆಯ ಮೇಲೆ ವ್ಯತ್ಯಾಸ ಇನ್ನೂ ಎದ್ದು ಕಾಣುತ್ತದೆ. ಕ್ರಾಲರ್‌ಗಳಲ್ಲಿ ಡಿಫರೆನ್ಷಿಯಲ್ ಲಾಕ್ ಆಗಿರುವುದೇ ಹೆಚ್ಚು. ಎಡಬಲ ಚಕ್ರಗಳು ಒಂದೇ ವೇಗದಲ್ಲಿ ಸುತ್ತುವುದರಿಂದ ವಾಹನ ನೇರಕ್ಕೇ ಜಗ್ಗುತ್ತದೆ, ಮುಂಚಕ್ರಗಳು ಉಜ್ಜಿಕೊಂಡು ಜಾರುತ್ತವೆ. ಹಾಗಾಗಿ ಎರಡು ಚಕ್ರ ಸ್ಟಿಯರಿಂಗ್‌ನಲ್ಲಿ ಕಾಗದದ ಮೇಲಿನ 373 ಎಂದೂ ಸಿಗುವುದಿಲ್ಲ.

ಎದುರು ದಿಕ್ಕಿನ ಹೊರಳಿಕೆಗೆ ಬೆಲೆಯೂ ಇದೆ. ಏಣಿ ಹೊತ್ತವನು ಓಣಿಯಲ್ಲಿ ತಿರುಗಿದರೆ ಹಿಂದಿನ ತುದಿ ಗೋಡೆಗೆ ಬಡಿಯುವಂತೆ, ಇಲ್ಲಿ ವಾಹನದ ಬಾಲ ಹೊರಕ್ಕೆ ಬೀಸುತ್ತದೆ. ಒಂದು ಪಕ್ಕ ಬಂಡೆ, ಇನ್ನೊಂದು ಪಕ್ಕ ಇಳಿಜಾರು ಇರುವ ಕಿರುದಾರಿಯಲ್ಲಿ ಬಂಡೆಯ ಕಡೆಗೆ ತಿರುಗಿಸಿದರೆ ಹಿಂದಿನ ಹೊರಚಕ್ರ ಅಂಚು ದಾಟಿ ವಾಹನ ಉರುಳುತ್ತದೆ. ಅಂಥ ಕಡೆ ಏಡಿ ನಡಿಗೆ ನೆರವಾಗುತ್ತದೆ: ನಾಲ್ಕೂ ಚಕ್ರಗಳನ್ನು ಒಂದೇ ದಿಕ್ಕಿಗೆ ವಾಲಿಸಿದರೆ ಮೂತಿ ತಿರುಗದೆ ಇಡೀ ವಾಹನ ಓರೆಯಾಗಿ ಸರಿಯುತ್ತದೆ. ಅಡ್ಡ ಇಳಿಜಾರಿನಲ್ಲಿ ಬಾಲ ಕೆಳಕ್ಕೆ ಜಾರತೊಡಗಿದರೆ ಹಿಂಚಕ್ರಗಳನ್ನಷ್ಟೇ ಮೇಲ್ಮುಖವಾಗಿ ಹೊರಳಿಸಿ ಎಳೆದುಕೊಳ್ಳಬಹುದು. ಹಿಂದಿನ ಸ್ಟಿಯರಿಂಗ್‌ನ ಬಹುಪಾಲು ಉಪಯೋಗ ಇರುವುದು ಈ ಕಿರು ತಿದ್ದುಪಡಿಗಳಲ್ಲಿ. ನಿಂತಲ್ಲೇ ಗಿರಕಿ ಹೊಡೆಯುವುದು ನೋಡುವವರಿಗೆ ಚಂದ, ಅಷ್ಟೇ.

ಹಿಂದಿನ ಆಕ್ಸಲ್

ಅನೇಕ ಕ್ರಾಲರ್‌ಗಳಲ್ಲಿ ಮುಂದಿನ, ಹಿಂದಿನ ಆಕ್ಸಲ್‌ಗಳ ಹೊರಕವಚ ಒಂದೇ ಅಚ್ಚಿನದು. ಹಿಂದಿನದಕ್ಕೆ ತುದಿಯಲ್ಲಿ ಹೊರಳದ ಕೊಳವೆಯನ್ನೂ ಒಳಗೆ ನೇರವಾದ ಉಕ್ಕಿನ ಕಡ್ಡಿಯನ್ನೂ ಹಾಕಿರುತ್ತಾರೆ. ಅವೆರಡನ್ನೂ ತೆಗೆದು ಸಿ ಆಕಾರದ ಹಬ್, ಸ್ಟಿಯರಿಂಗ್ ನಕಲ್, ಕೀಲಿರುವ ಯೂನಿವರ್ಸಲ್ ಶಾಫ್ಟ್ ಜೋಡಿಸಬೇಕು. ಎರಡು ನಕಲ್‌ಗಳನ್ನು ಟೈ ರಾಡ್‌ನಿಂದ ಬೆಸೆದು, ಆಕ್ಸಲ್ ಮೇಲೆ ಕೂರಿಸಿದ ಸರ್ವೊಗೆ ಕೊಂಡಿ ಹಾಕಬೇಕು. ಮುಂದಿನ ಆಕ್ಸಲ್ ಅನ್ನೇ ತಿರುಗಿಸಿ ಹಿಂದೆ ಕಟ್ಟಿದರೂ ನಡೆಯುತ್ತದೆ. 180 ಡಿಗ್ರಿ ತಿರುಗಿದಾಗ ರಿಂಗ್ ಗೇರು ಇನ್ನೊಂದು ಪಕ್ಕಕ್ಕೆ ಹೋಗುವುದರಿಂದ, ಡ್ರೈವ್ ಶಾಫ್ಟ್ ಒಂದೇ ದಿಕ್ಕಿಗೆ ಸುತ್ತಿದರೂ ನಾಲ್ಕು ಚಕ್ರಗಳೂ ಮುಂದಕ್ಕೇ ಉರುಳುತ್ತವೆ. ಆಕ್ಸಲ್ ಮೇಲೆಯೇ ಮೋಟಾರು ಇರುವ ಕ್ಲಾಡ್ ಬಸ್ಟರ್‌ನಂಥವುಗಳಲ್ಲಿ ಮಾತ್ರ ಒಂದು ಮೋಟಾರಿನ ತಂತಿಗಳನ್ನು ಅದಲುಬದಲು ಮಾಡಬೇಕು.

ಸುಲಭವಾಗಿ ಮರೆತುಹೋಗುವ ಸಂಗತಿಯೆಂದರೆ ಕ್ಯಾಸ್ಟರ್. ಮುಂದಿನ ಆಕ್ಸಲ್‌ನಲ್ಲಿ ಕಿಂಗ್‌ಪಿನ್‌ನ, ಅಂದರೆ ನಕಲ್ ಹೊರಳುವ ಕೀಲುಕಡ್ಡಿಯ, ಮೇಲ್ತುದಿ ಹಿಂದಕ್ಕೆ ವಾಲಿರುತ್ತದೆ. ಚಲಿಸುವಾಗ ಚಕ್ರ ತಾನಾಗಿ ನೇರಕ್ಕೆ ಬರಲೆಂದು. ಅದೇ ಆಕ್ಸಲ್ ತಿರುಗಿ ಹಿಂದೆ ಕೂತಾಗ ವಾಲು ಮುಂದಕ್ಕಾಗುತ್ತದೆ, ಚಕ್ರ ನೇರವಾಗುವ ಬದಲು ಒಂದು ಬದಿಗೆ ಎಳೆಯುತ್ತದೆ. ಸಿ ಹಬ್ ಅನ್ನು ತುಸು ತಿರುಗಿಸಿ ಕಿಂಗ್‌ಪಿನ್ ನೆಟ್ಟಗೆ ನಿಲ್ಲುವಂತೆ ಮಾಡಿದರೆ ಈ ಕಾಟ ತಪ್ಪುತ್ತದೆ.

ನಿಜವಾದ ಪೆಟ್ಟು ಬೀಳುವುದು ಶಾಫ್ಟ್‌ಗೆ. ವಾಹನ ಕಡಿದಾದ ಬಂಡೆ ಏರುವಾಗ ಭಾರವೆಲ್ಲ ಹಿಂದಕ್ಕೆ ಸರಿದು, ನೂಕುವ ಕೆಲಸದ ದೊಡ್ಡ ಪಾಲು ಹಿಂಚಕ್ರಗಳ ಮೇಲೆ ಬೀಳುತ್ತದೆ. ನೇರ ಕಡ್ಡಿ ಅದನ್ನು ಸುಮ್ಮನೆ ಹೊರುತ್ತಿತ್ತು. ಅದರ ಜಾಗದಲ್ಲಿ ಬಂದ ಕೀಲು, ಅದೂ ಪೂರ್ತಿ ಹೊರಳಿರುವಾಗ, ಅಷ್ಟು ತಾಳುವುದಿಲ್ಲ. ಪಿನ್ ತುಂಡಾಗುತ್ತದೆ, ಇಲ್ಲವೇ ಬಟ್ಟಲಿನ ಕಿವಿ ಬಾಗುತ್ತದೆ. ಹಿಂದಿನ ಕೀಲುಗಳು ಹದಗೊಳಿಸಿದ ಉಕ್ಕಿನವೇ ಆಗಿರಬೇಕು; ಹಿಂದಿನ ಹೊರಳು ಕೋನವನ್ನು ಟ್ರಾನ್ಸ್‌ಮಿಟರ್‌ನಲ್ಲೇ ಮುಂದಿನದಕ್ಕಿಂತ ಕಡಿಮೆಗೆ ಕಟ್ಟಿಹಾಕುವುದು ಜಾಣತನ. ಭಾರದ ಲೆಕ್ಕವೂ ಕೆಡುತ್ತದೆ. ಏರಲು ಅನುಕೂಲವಾಗಲೆಂದು ಕ್ರಾಲರ್‌ನ ಮೂತಿಯನ್ನು ಬೇಕೆಂದೇ ಭಾರವಾಗಿ ಇಟ್ಟಿರುತ್ತಾರೆ. ಸರ್ವೊ, ಅದರ ತಟ್ಟೆ, ನಕಲ್‌ಗಳ ತೂಕ ಬಾಲಕ್ಕೆ ಸೇರಿದ ಮೇಲೆ ಮುಂಚಕ್ರಗಳ ರಿಮ್ಮಿನೊಳಗೆ ಇನ್ನಷ್ಟು ತೂಕ ತುಂಬಿ ಸರಿದೂಗಿಸಬೇಕಾಗುತ್ತದೆ.

ಸರ್ವೊ, ವಿದ್ಯುತ್ತು, ರೇಡಿಯೊ

ಕಲ್ಲುಸಂದಿಯಲ್ಲಿ ಸಿಕ್ಕ ಚಕ್ರವನ್ನು ಹೊರಳಿಸಲು 25 ಕೆ.ಜಿ.-ಸೆಂ.ಮೀ. ಆಸುಪಾಸಿನ ಬಲವುಳ್ಳ, ಲೋಹದ ಗೇರಿನ ಸರ್ವೊ ಬೇಕು. ಇಂಥದ್ದು ಜಾಮ್ ಆದಾಗ ಹಲವು ಆಂಪಿಯರ್ ಎಳೆಯುತ್ತದೆ. ಸ್ಪೀಡ್ ಕಂಟ್ರೋಲರ್ ಒಳಗಿನ ವೋಲ್ಟೇಜ್ ಇಳಿಸುವ ಸರ್ಕ್ಯೂಟು, ಅಂದರೆ ಬಿಇಸಿ, ಎಷ್ಟೋ ಸಲ ಎರಡು ಮೂರು ಆಂಪಿಯರ್‌ಗಷ್ಟೇ ತಯಾರಾಗಿರುತ್ತದೆ. ಎರಡು ಸರ್ವೊಗಳು ಒಟ್ಟಿಗೆ ಜಗ್ಗಿದರೆ ವೋಲ್ಟೇಜ್ ಕುಸಿದು ರಿಸೀವರ್ ಆರಿ ಮತ್ತೆ ಹೊತ್ತಿಕೊಳ್ಳುತ್ತದೆ; ಬಂಡೆಯ ಅರ್ಧದಲ್ಲಿರುವ ವಾಹನ ಕ್ಷಣಕಾಲ ಯಾರ ಮಾತನ್ನೂ ಕೇಳುವುದಿಲ್ಲ. ಬ್ಯಾಟರಿಯಿಂದ ನೇರವಾಗಿ ಬರುವ, 10 ಆಂಪಿಯರ್ ಸಾಮರ್ಥ್ಯದ ಪ್ರತ್ಯೇಕ ಬಿಇಸಿ ಹಾಕುವುದು ಇದಕ್ಕೆ ಪರಿಹಾರ. ಸರ್ವೊದ ಹಲ್ಲುಗಳಿಗೆ ಸರಿಯಾಗಿ ಕೂರುವ ಲೋಹದ ಹಾರ್ನ್ ಇರಲಿ; 25 ಹಲ್ಲಿನದು ಹೆಚ್ಚು ಬಳಕೆಯಲ್ಲಿದೆ. ಸ್ಪ್ರಿಂಗ್ ಇರುವ ಸರ್ವೊ ಸೇವರ್ ಹಾಕಿದರೆ ಹಿಂಚಕ್ರಗಳು ತೂಗಾಡುತ್ತವೆ.

ಅಗ್ಗದ ದಾರಿ ವೈ ಆಕಾರದ ತಂತಿ: ಒಂದೇ ಚಾನೆಲ್‌ಗೆ ಎರಡೂ ಸರ್ವೊ. ಹಾಗೆ ಮಾಡಿದವರಿಗೆ ಮೊದಲು ಕಾಣುವುದು ಏಡಿ ನಡಿಗೆ. ಒಂದೇ ಬಗೆಯ ಜೋಡಣೆಯನ್ನು ಹಿಂದುಮುಂದಾಗಿ ಇಟ್ಟರೂ, ಮೇಲಿನಿಂದ ನೋಡುವಾಗ ಎರಡೂ ಒಂದೇ ಸುತ್ತಿಗೆ ಹೊರಳುವುದೇ ಇದಕ್ಕೆ ಕಾರಣ. ಎದುರು ದಿಕ್ಕು ಬೇಕಾದರೆ ಸಂಕೇತವನ್ನು ತಿರುವುಮುರುವು ಮಾಡಬೇಕು. ಸರ್ವೊಗೆ ಹೋಗುವ ಮಿಡಿತ ನಡುಸ್ಥಾನದಲ್ಲಿ ಸುಮಾರು 1.5 ಮಿಲಿಸೆಕೆಂಡ್, ಎರಡು ತುದಿಗಳಲ್ಲಿ ಸುಮಾರು 1 ಮತ್ತು 2. ಇಂಥ ಜೋಡಣೆಯಲ್ಲಿ ಮುಂದಿನದಕ್ಕೆ 1.8 ಹೋದಾಗ ಹಿಂದಿನದಕ್ಕೂ 1.8 ಹೋದರೆ ಏಡಿ ನಡಿಗೆ, 1.2 ಹೋದರೆ ಕಿರುತಿರುವು, 1.5 ಆಗಿಯೇ ಉಳಿದರೆ ಹಿಂಚಕ್ರ ನೇರ. ಮಿಶ್ರಣ ಸೌಲಭ್ಯವಿರುವ ಟ್ರಾನ್ಸ್‌ಮಿಟರ್ ಈ ಲೆಕ್ಕವನ್ನು ಒಳಗೇ ಮಾಡಿ, ಒಂದು ಗುಂಡಿಯಿಂದ ವಿಧಾನ ಬದಲಿಸಲು ಬಿಡುತ್ತದೆ. ಫುಟಾಬಾ 4ಪಿಎಲ್‌ಎಸ್ ಅಂಥದ್ದೊಂದು.

ಹಿಂದಿನ ಸ್ಟಿಯರಿಂಗ್ ಅನ್ನು ಆರಿಸಿಡಲು ಬರದಿದ್ದರೆ ಅದನ್ನು ಹಾಕದಿರುವುದೇ ಮೇಲು. ನೇರ ಏರುದಾರಿಯಲ್ಲಿ ಹಿಂಚಕ್ರ ತುಸು ಅಲುಗಿದರೂ ಹಿಡಿತ ತಪ್ಪುತ್ತದೆ. ವೈ ತಂತಿಯ ದೊಡ್ಡ ದೋಷ ಇದು: ಮುಂದಿನದನ್ನು ಮುಟ್ಟಿದಾಗಲೆಲ್ಲ ಹಿಂದಿನದೂ ಹೊರಳುತ್ತದೆ.

ಇದೇ ಕೆಲಸಕ್ಕೆ ಬೇರೊಂದು ಉಪಾಯವೂ ಉಂಟು. ಡಿಗ್ ಎಂಬ ಏರ್ಪಾಡಿನಲ್ಲಿ ಹಿಂದಿನ ಆಕ್ಸಲ್‌ನ ಶಕ್ತಿ ಕಡಿದು ಅದನ್ನು ಬಿಗಿಹಿಡಿಯುತ್ತಾರೆ. ಹಿಂಚಕ್ರಗಳು ನಿಂತಲ್ಲೇ ನಿಂತು ಮುಂಚಕ್ರಗಳು ಮೂತಿಯನ್ನು ಸುತ್ತಲೂ ಎಳೆಯುತ್ತವೆ. ಹಿಂದಿನ ನೇರ ಕಡ್ಡಿ ಹಾಗೆಯೇ ಉಳಿಯುವುದರಿಂದ ಗಟ್ಟಿತನ ಕಳೆದುಹೋಗುವುದಿಲ್ಲ. ಆಕ್ಸಿಯಲ್‌ನ ಕಾಪ್ರಾ ಡಿಗ್ ಇರುವ ವಾಹನ. ನಾಲ್ಕು ಚಕ್ರ ಸ್ಟಿಯರಿಂಗ್ ಕಾರ್ಖಾನೆಯಲ್ಲೇ ಜೋಡಣೆಯಾಗಿ ಬರುವ ಆವೃತ್ತಿಯೂ ಅದಕ್ಕಿದೆ. ಬಿಡಿಭಾಗ ಹುಡುಕಿ ಹೊಂದಿಸುವ ಸಹನೆ ಇಲ್ಲದವರಿಗೆ ಅಂಥದ್ದು ಸಲೀಸು.

ಸ್ಪರ್ಧೆಗೆ ಇಳಿಯುವವರು ಹಣ ಹಾಕುವ ಮುನ್ನ ತಮ್ಮ ವರ್ಗದ ನಿಯಮ ನೋಡಿಕೊಳ್ಳಬೇಕು. ಹಿಂದಕ್ಕೆ ಸರಿದಾಗಲೆಲ್ಲ ದಂಡದ ಅಂಕ ಬೀಳುವ ಆಟದಲ್ಲಿ ಕಿರುತಿರುವು ದೊಡ್ಡ ಅನುಕೂಲ. ಅಮೆರಿಕದ ಸ್ಪರ್ಧೆಗಳಲ್ಲಿ ಹಿಂದಿನ ಸ್ಟಿಯರಿಂಗ್‌ಗೆ ಸೂಪರ್ ವರ್ಗದಲ್ಲಿ ಅವಕಾಶವಿದ್ದರೂ 2.2 (ಇಂಚಿನ ರಿಮ್ಮಿನ) ವರ್ಗದಲ್ಲಿ ದೀರ್ಘಕಾಲ ಅದನ್ನು ಒಪ್ಪಿರಲಿಲ್ಲ.