ನೆಲದಾಳದ ಕಥೆಗಳು ಮತ್ತು ಕೋಲಾರದ ಗಣಿ



ಹಳೆಯ ಪುಸ್ತಕದ ಅಂಗಡಿಗಳಲ್ಲಿ, ಮುಖಪುಟದ ಮೇಲೆ ರಾಕೆಟ್ಟೋ ಯಂತ್ರಮಾನವನೋ ಇರುವ, ಹಾಳೆ ಹಳದಿಗಟ್ಟಿದ ಪೇಪರ್‌ಬ್ಯಾಕ್ ಪುಸ್ತಕಗಳನ್ನು ನೀವು ಕಂಡಿರಬಹುದು. ಇವು ವೈಜ್ಞಾನಿಕ ಕಾದಂಬರಿಗಳು. ಅಮೆರಿಕದಲ್ಲಿ 1926ರಲ್ಲಿ ಇಂಥ ಕಥೆಗಳಿಗೆಂದೇ ‘ಅಮೇಜಿಂಗ್ ಸ್ಟೋರೀಸ್’ ಎಂಬ ಪತ್ರಿಕೆ ಹೊರಟಿತು. 1950ರ ದಶಕದಲ್ಲಿ ಅಗ್ಗದ ಪುಸ್ತಕಗಳು ಅವನ್ನು ಇನ್ನಷ್ಟು ಓದುಗರಿಗೆ ಮುಟ್ಟಿಸಿದವು. ಕನ್ನಡದಲ್ಲಿ ರಾಜಶೇಖರ ಭೂಸನೂರಮಠ ಅವರು ಈ ಪ್ರಕಾರಕ್ಕೆ ಹೆಸರಾದರು.

ಈ ಕಥೆಗಳು ಇಂದಿಗೂ ಏಕೆ ಉಳಿದಿವೆ? ಅವುಗಳ ಯಂತ್ರಗಳು ಹಳತಾದರೂ ಪ್ರಶ್ನೆಗಳು ಹಳತಾಗಿಲ್ಲ. ಅಂಥ ಎರಡು ಪ್ರಶ್ನೆಗಳನ್ನು ಕೋಲಾರ ಜಿಲ್ಲೆಯಲ್ಲೇ ನೋಡೋಣ.

ಫ್ರಾನ್ಸಿನ ಜೂಲ್ಸ್ ವರ್ನ್ 1864ರಲ್ಲಿ ಭೂಗರ್ಭಕ್ಕೆ ಇಳಿಯುವ ಪ್ರಯಾಣದ ಕಥೆ ಬರೆದ. ಕಾಣದ್ದನ್ನು ಕಾಣಬೇಕೆಂಬ ಹಂಬಲವೇ ಅದರ ಜೀವಾಳ. ವೇಮಗಲ್‌ನಿಂದ ಕೋಲಾರ ದಾಟಿ ಮುಂದೆ ಹೋದರೆ ಸಿಗುವ ಚಿನ್ನದ ಗಣಿಯಲ್ಲಿ ಈ ಹಂಬಲ ನಿಜವಾಯಿತು. 1965ರಲ್ಲಿ ಭಾರತ, ಜಪಾನ್ ಮತ್ತು ಬ್ರಿಟನ್ನಿನ ವಿಜ್ಞಾನಿಗಳು ಸುಮಾರು 2.3 ಕಿಲೋಮೀಟರ್ ಆಳದಲ್ಲಿ ಉಪಕರಣಗಳನ್ನಿಟ್ಟು, ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೋ ಕಣಗಳ ಸುಳಿವು ಹಿಡಿದರು. ಆಕಾಶದ ಕಣವನ್ನು ಹುಡುಕಲು ಪಾತಾಳಕ್ಕೆ ಏಕೆ ಇಳಿಯಬೇಕು ಎನ್ನುವಿರಾ? ಮೇಲಿನ ಬಂಡೆ ಬಹುತೇಕ ಉಳಿದೆಲ್ಲ ಕಣಗಳನ್ನು ತಡೆಯುತ್ತದೆ. ನ್ಯೂಟ್ರಿನೋ ಮಾತ್ರ ಸಲೀಸಾಗಿ ನುಸುಳುತ್ತದೆ.

ಎರಡನೆಯ ಪ್ರಶ್ನೆ ಇಂಗ್ಲೆಂಡಿನ ಎಚ್.ಜಿ. ವೆಲ್ಸ್‌ನದು. 1895ರ ‘ದಿ ಟೈಮ್ ಮೆಷಿನ್’ ಕಾದಂಬರಿಯಲ್ಲಿ ಮನುಕುಲ ಎರಡಾಗಿ ಒಡೆದಿದೆ: ಸುಖವಾಗಿರುವವರು ಮೇಲೆ, ಯಂತ್ರ ನಡೆಸುವವರು ನೆಲದಡಿ. ಅದು ಪ್ರಕಟವಾದಾಗ ಕೋಲಾರದ ಗಣಿಯನ್ನು ಬ್ರಿಟಿಷ್ ಕಂಪನಿಗಳು ನಡೆಸುತ್ತಿದ್ದವು. ಲಾಭ ಲಂಡನ್ನಿಗೆ ಹೋಗುತ್ತಿತ್ತು. ಕಾರ್ಮಿಕರು ಕತ್ತಲೆಗೆ ಇಳಿಯುತ್ತಿದ್ದರು. ಮುಂದೆ ಗಣಿ 3 ಕಿಲೋಮೀಟರಿಗೂ ಆಳವಾಯಿತು. ಸಿಡಿಯುವ ಬಂಡೆ, ಸುಡುವ ಶಾಖ, ಶ್ವಾಸಕೋಶ ಕೆಡಿಸುವ ಧೂಳು ಅವರ ನಿತ್ಯದ ಸಂಗಾತಿಗಳು. 2001ರಲ್ಲಿ ಗಣಿ ಮುಚ್ಚಿದಾಗ ಅವರ ಕೆಲಸವೂ ಹೋಯಿತು.

ಒಂದು ಸಂಗತಿ ಗಮನಿಸಿ. ವಿಜ್ಞಾನಿಗಳು ಉಪಕರಣವಿಟ್ಟ ಆ ಆಳವನ್ನು ತೋಡಿದವರು ಇದೇ ಕಾರ್ಮಿಕರು. ನ್ಯೂಟ್ರಿನೋ ಶೋಧದ ಚರಿತ್ರೆಯಲ್ಲಿ ಅವರ ಹೆಸರು ಸಿಗುವುದು ವಿರಳ.

ಮುಂದಿನ ಬಾರಿ ವೈಜ್ಞಾನಿಕ ಕಾದಂಬರಿಯೊಂದನ್ನು ಓದುವಾಗ ಯಂತ್ರದ ಅದ್ಭುತಕ್ಕೆ ಬೆರಗಾಗಿ. ಜೊತೆಗೆ, ಆ ಯಂತ್ರವನ್ನು ಯಾರು ನಡೆಸುತ್ತಾರೆ, ಅದರ ಬೆಲೆಯನ್ನು ಯಾರು ತೆರುತ್ತಾರೆ ಎಂದೂ ಕೇಳಿ. ನಿಮ್ಮ ಮನೆಯಲ್ಲೋ ನೆರೆಯಲ್ಲೋ ಗಣಿಗೆ ಇಳಿದ ಹಿರಿಯರಿದ್ದರೆ ಅವರ ಅನುಭವವನ್ನು ಬರೆದಿಡಿ. ಅದು ಯಾವ ಪುಸ್ತಕದಂಗಡಿಯಲ್ಲೂ ಸಿಗದ ಚರಿತ್ರೆ.